ಉಜ್ಜುವಂತಿಲ್ಲ, ಬೈಯಬಹುದು

"ಯಾರು ಬೋಳಿಸಿದ್ದು?"

ಬನ್ನಿ ಎನ್ನಲಿಲ್ಲ, ಕೂತ್ಕೊಳ್ಳಿ ಎನ್ನಲಿಲ್ಲ. ಬಾಗಿಲಲ್ಲಿ ನಿಂತು, ಉಕ್ಕುವ ಹಾಲಿನ ಮುಚ್ಚಳ ತೆಗೆಯುವವನಂತೆ ಸಡಿಲ ಟೋಪಿಯನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿದವನತ್ತ ಕತ್ತರಿ ಚಾಚಿ, ಸಲೂನಿನ ಒಡತಿ ಕೇಳಿದ ಮೊದಲ ಮಾತೇ ಅದು.

"ಕ್ಲಿನಿಕ್‌ನಲ್ಲಿ," ಎಂದ ಅವನು.

"ಕ್ಲಿನಿಕ್ ಅನ್ನೋದು ಮನುಷ್ಯರ ಹೆಸರಾ? ಯಾರು ಅಂತ ಕೇಳಿದ್ದು. ಕಿವಿ ಹಿಂದೆ ನೋಡ್ಕೊಂಡಿದ್ದೀರಾ? ಕುರಿ ಮೇಯ್ದು ಅರ್ಧಕ್ಕೇ ಎದ್ದು ಹೋದ ಹಾಗಿದೆ!"

ಬೀದಿಯವರು ಅವಳನ್ನು ಕತ್ತರಿ ಮೇಡಂ ಎನ್ನುತ್ತಿದ್ದರು. ಆ ಕತ್ತರಿ ಕೈಯಲ್ಲಿರುವುದೋ ಬಾಯಲ್ಲಿರುವುದೋ ಎಂಬ ವಿಷಯದಲ್ಲಿ ಬೀದಿಯಲ್ಲಿ ಎರಡು ಪಂಗಡವಿತ್ತು. ಬಾಯಿಯ ಪಂಗಡದ ನಾಯಕಿ ಗಲ್ಲಾದ ಹಿಂದೆ ಕೂತು ಉಗುರು ತೀಡುತ್ತಿದ್ದ ಅವಳ ಸ್ವಂತ ಚಿಕ್ಕಮ್ಮ.

ಬಾಗಿಲಲ್ಲಿ ನಿಂತವನು ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಜನರನ್ನು ಮೇಲೆ ಕೆಳಗೆ ಮಾಡಿಸುವವನು, ತಾನು ಮಾತ್ರ ನೆಲಕ್ಕೆ ಕಣ್ಣು ನೆಟ್ಟು ನಡೆಯುವ ಪೈಕಿ. ಆ ತಲೆ ತನ್ನದೆಂದೇ ಕತ್ತರಿ ಮೇಡಂ ತಿಳಿದಿದ್ದಳು. ಅದು ಅವನ ಹೆಗಲ ಮೇಲಿತ್ತು ಎನ್ನುವುದು ಸಣ್ಣ ವಿಷಯ. ಎಡಗಡೆ ಉಳಿದಿದ್ದ ಬಡಪಾಯಿ ಕೂದಲನ್ನು ಪುಸಲಾಯಿಸಿ ಬಲಗಡೆಯ ಬಯಲಿಗೆ ದಾಟಿಸುತ್ತಿದ್ದವಳು ಅವಳು. ಸುಳಿ ಎಲ್ಲಿದೆ, ಚಿಕ್ಕಂದಿನಲ್ಲಿ ಬಿದ್ದ ಗಾಯದ ಗೆರೆ ಎಲ್ಲಿದೆ, ಯಾವ ಎಳೆ ಮಾತು ಕೇಳುತ್ತದೆ, ಯಾವುದು ಯಜಮಾನನಷ್ಟೇ ಮೊಂಡು, ಎಲ್ಲವೂ ಅವಳ ಬೆರಳಿಗೆ ಬಾಯಿಪಾಠ. ಈಗ ಇನ್ನಾರೋ ಮೆಷಿನ್ ಆಡಿಸಿ, ತಲೆಯ ಹಿಂಬದಿಯ ಕೂದಲನ್ನು ಬೇರುಸಮೇತ ಒಂದೊಂದಾಗಿ ಕಿತ್ತು ಮುಂದೆ ನೆಟ್ಟಿದ್ದರು. ಮುಂದಲೆಯಿಡೀ ಗಸಗಸೆ ಚೆಲ್ಲಿದಂತೆ ಕೆಂಪು ಚುಕ್ಕೆ. ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಅವನ ಬೆನ್ನ ಹಿಂದಿನಿಂದ ಅವನ ಅಕ್ಕ ಇಣುಕಿದಳು.

"ನೀವೇ ದಾರಿ ತೋರಿಸ್ಬೇಕು ಮೇಡಂ. ಇವತ್ತಿಂದ ದಿನಾ ತಲೆ ತೊಳೀಬೇಕಂತೆ, ಅದೂ ಉಜ್ಜದೆ. ಕ್ಲಿನಿಕ್ ಊರಾಚೆ ಇದೆ. ನಾನೇ ತೊಳೀತೀನಿ ಅಂತ ಮಗ್ ಎತ್ತಿದೆ, ಆ ಚುಕ್ಕೆಗಳನ್ನ ನೋಡಿ ತಲೆ ಸುತ್ತಿ ನಾನೇ ಕೂತುಬಿಟ್ಟೆ. ಕೈ ಹಗುರ ಇರೋರು ಯಾರಾದ್ರೂ ಸಾಕು, ವಿಡಿಯೋ ಕಳಿಸ್ತೀವಿ ಅಂದ್ರು ಕ್ಲಿನಿಕ್‌ನವರು."

"ಇವಳ ಕೈ ಹಗುರಾನೇ ಕಣಮ್ಮ," ಎಂದಳು ಚಿಕ್ಕಮ್ಮ ಉಗುರಿನಿಂದ ಕಣ್ಣೆತ್ತದೆ. "ಭಾರ ಇರೋದು ಬೇರೆ ಕಡೆ."

"ಎಲ್ಲ ಒಳ್ಳೇದಕ್ಕೇ ಬಿಡಿ," ಅಕ್ಕ ದನಿ ತಗ್ಗಿಸಿದಳು. ಆದರೆ ತಗ್ಗಿಸಿದ ದನಿಯೂ ಬೀದಿಗೆ ಕೇಳುವಷ್ಟಿತ್ತು. "ನಮ್ಮ ಆಫೀಸಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಎಷ್ಟು ಸಲ ಹೇಳಿದ್ರೂ ಇವನು ಭೇಟಿ ಆಗಲ್ಲ ಅಂತಿದ್ದ. ಈಗ ನೋಡಿ, ಯಾರಿಗೂ ಹೇಳದೆ ತಾನಾಗೇ ಹೋಗಿ ತಲೆ ಕೊಟ್ಟು ಬಂದಿದ್ದಾನೆ. ಅಂದ್ರೆ ಏನರ್ಥ?"

"ಅಕ್ಕಾ, ಸುಮ್ನಿರು," ಎಂದ ಅವನು. ಅಲ್ಲ ಎನ್ನಲಿಲ್ಲ.

ಅಲ್ಲಿಯವರೆಗೆ ಅವಳಿಗಿದ್ದದ್ದು ಕಸುಬಿನ ಕೋಪ. ಆ ಕ್ಷಣ ಅದಕ್ಕೊಬ್ಬ ತಂಗಿ ಹುಟ್ಟಿದಳು. ಮೊದಲ ಕೋಪಕ್ಕಿಂತ ಜೋರು, ಹೆಸರು ಹೇಳಲು ಮಾತ್ರ ಒಪ್ಪದವಳು. ಹುಡುಗಿಗೋಸ್ಕರವಂತೆ! ಇಷ್ಟು ವರ್ಷ ಕನ್ನಡಿಯಲ್ಲಿ ಇವನ ಕಣ್ಣು ತನ್ನ ಕಣ್ಣಿಗೆ ಸಿಕ್ಕಾಗಲೆಲ್ಲ ಕತ್ತರಿಯ ಲಯ ತಪ್ಪುತ್ತಿದ್ದದ್ದು ತನ್ನೊಬ್ಬಳದೇ ಪಾಡೋ ಹಾಗಾದರೆ?

"ಕೂತ್ಕೊಳ್ಳಿ," ಎಂದಳು. ಕುರ್ಚಿಗೆ ಕಿವಿಯಿದ್ದಿದ್ದರೆ ಅದೂ ಬೆಚ್ಚುತ್ತಿತ್ತು.

*

ವಿಡಿಯೋದಲ್ಲಿದ್ದ ಗಂಡಸಿನದು ನಿದ್ದೆ ಬರಿಸುವ ದನಿ. "ನಿಧಾನ... ನಿಧಾನ... ನೊರೆಯನ್ನು ಅಂಗೈಯಲ್ಲಿ ತೆಗೆದುಕೊಂಡು ಮೇಲೆ ಇಡಿ. ಉಜ್ಜಬೇಡಿ. ಒತ್ತಬೇಡಿ. ಮಗ್ಗಿನಿಂದ ನೀರನ್ನು ಮೆಲ್ಲಗೆ ಬಿಡಿ..."

"ನಿಧಾನ... ನಿಧಾನ..." ಎಂದು ಅವಳು ಅದೇ ದನಿಯಲ್ಲಿ ಎಳೆದಳು. "ಇಂಥ ದನಿಯವನು ಬೆಂಕಿ ಬಿದ್ದಾಗ ಹೇಗೆ ಕೂಗ್ತಾನೆ? ಬೆಂ... ಕಿ... ಬೆಂ... ಕಿ... ಅಂತ?"

ಅವನ ಭುಜ ಕುಲುಕಿತು.

"ಅಲ್ಲಾಡಬೇಡಿ!"

ಇಪ್ಪತ್ತು ಜನರ ತಲೆ ಉಜ್ಜಿ ಸಂಜೆಯಾಗಿಸುವ ಕೈಗಳಿಗೆ ಈಗ ಉಜ್ಜುವಂತಿಲ್ಲ. ಕೋಪಿಷ್ಠರಿಗೆ ದೇವರು ಕೊಟ್ಟ ಸೌಕರ್ಯಗಳೆಲ್ಲ, ಕುಕ್ಕುವುದು, ಕುಟ್ಟುವುದು, ತಿಕ್ಕುವುದು, ಒಂದೂ ನಡೆಯುವಂತಿಲ್ಲ. ಒಳಗೆ ಕುದಿಯುತ್ತಿದ್ದುದು ಮೊಣಕೈವರೆಗೂ ಬಂದು ಅಲ್ಲೇ ನಿಲ್ಲಬೇಕು. ಬೆರಳಿಗೆ ಇಳಿದರೆ ಒಂದು ಬೇರು ಹೋಯಿತು ಎಂದೇ ಲೆಕ್ಕ. ಅವಳು ಹಲ್ಲು ಕಚ್ಚಿ ನೊರೆಯನ್ನು ಅವನ ಮುಂದಲೆಯ ಮೇಲಿಟ್ಟಳು, ಮಲಗಿದ ಮಗುವಿನ ಮೇಲೆ ಹೊದಿಕೆ ಹಾಕುವ ಹಾಗೆ. ಆ ಮೆತ್ತನೆಯೇ ಅವಳನ್ನು ಇನ್ನಷ್ಟು ರೇಗಿಸಿತು.

"ನೋವಾಗ್ತಿದ್ಯಾ?"

"ಇಲ್ಲ."

"ಆಗಬೇಕಿತ್ತು."

ಅವನು ಕಣ್ಣು ಮುಚ್ಚಿಕೊಂಡಿದ್ದ. ನೀರು ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿದು ಗುಂಡಿ ಹಾಕಿದ ಅಂಗಿಯ ಕಾಲರಿನಲ್ಲಿ ಮರೆಯಾಯಿತು. ತಲೆಯ ಮೇಲಿಂದ ಎಳೆದು ತೊಡುವ ಟೀ ಶರ್ಟ್ ಹಾಕುವಂತಿಲ್ಲ ಎಂದು ಅಕ್ಕ ಅವನಿಗೆ ತನ್ನ ಗಂಡನ ಅಂಗಿ ತೊಡಿಸಿದ್ದಳು. ಒಳಗೆ ಇನ್ನೊಬ್ಬನಿಗೆ ಜಾಗವಿತ್ತು.

"ಮತ್ತೆ," ಎಂದು ಅವಳು ನೀರಿನಷ್ಟೇ ಮೆಲ್ಲಗೆ ಕೇಳಿದಳು, "ಆಫೀಸಿನವರು ಹೇಗಿದ್ದಾರೆ ನೋಡೋಕೆ?"

"ಯಾರು?"

"ಯಾರು ಅಂತೆ! ತಲೆಗೆ ತಾನೇ ಆಪರೇಷನ್ ಮಾಡಿದ್ದು, ನೆನಪಿಗಲ್ಲವಲ್ಲ?"

ಅವನು ಕಣ್ಣು ತೆರೆದು ತಲೆಕೆಳಗಾಗಿ ಅವಳ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಗಿರಾಕಿ ಬಾಗಿಲು ತಳ್ಳಿದರು. ಲಿಫ್ಟಿನ ಬಾಗಿಲಿನಂತೆ ಆ ಬಾಯಿ ಮತ್ತೆ ಮುಚ್ಚಿಕೊಂಡಿತು.

*

ಮರುದಿನ ಅವನು ಬರಲಿಲ್ಲ. ಅಕ್ಕನ ಫೋನು ಬಂತು. ಹಣೆಯ ಊತ ಇಳಿದು ಕಣ್ಣಿಗೆ ಬಂದಿದೆ, ಕಣ್ಣೇ ಬಿಡಲಾಗುತ್ತಿಲ್ಲ, ಕ್ಲಿನಿಕ್‌ನವರು ಮಾಮೂಲು ಎಂದಿದ್ದಾರೆ, ತನಗೆ ಆಫೀಸಿದೆ.

"ಮಾಮೂಲಂತೆ!" ಎಂದು ಅವಳು ಸ್ಪ್ರೇ ಬಾಟಲಿ, ಶಾಂಪೂ, ಮಗ್ಗು ಎಲ್ಲ ಚೀಲಕ್ಕೆ ತುಂಬಿದಳು. "ಕಣ್ಣು ಕಾಣದವನನ್ನ ಒಬ್ಬನೇ ಬಿಟ್ಟು ಆಫೀಸಂತೆ!"

"ನೀನ್ಯಾಕೆ ಹೋಗ್ತೀಯ? ಕೋಪ ಅಂದಿದ್ದೆ?" ಎಂದಳು ಚಿಕ್ಕಮ್ಮ.

"ಕೋಪ ಇರೋದಕ್ಕೇ ಹೋಗ್ತಿರೋದು. ಫೋನಲ್ಲಿ ಬೈದ್ರೆ ಸಮಾಧಾನ ಆಗಲ್ಲ."

ಅವನ ಕೋಣೆ ಅವಳು ಅಂದುಕೊಂಡದ್ದಕ್ಕಿಂತ ಚೊಕ್ಕಟವಾಗಿತ್ತು. ಕಿಟಕಿಯ ಅಂಚಿನಲ್ಲಿ ಹಳೆಯ ಲಿಫ್ಟುಗಳ ಒತ್ತುಗುಂಡಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ. ನೆಟ್ಟ ಕೂದಲಿಗೆ ಒತ್ತು ಬೀಳದಂತೆ ಅರ್ಧ ಕೂತು ಅರ್ಧ ಮಲಗಬೇಕಾದವನು ದಿಂಬಿನ ಗುಡ್ಡದಿಂದ ಜಾರಿ, ಮಡಿಚಿದ ಕೊಡೆಯಂತೆ ಬಿದ್ದಿದ್ದ. ಮುಖ ಉಬ್ಬಿ ಇನ್ನಾರದೋ ಆಗಿತ್ತು.

"ಕಣ್ಣು ಬಿಡಿ."

"ಬಿಟ್ಟಿದ್ದೀನಿ."

"ಇದಾ ಬಿಟ್ಟಿರೋದು? ಅಂಚೆ ಡಬ್ಬಿಯ ಬಾಯಿ ಇದಕ್ಕಿಂತ ದೊಡ್ಡದಿರುತ್ತೆ."

ಅವನು ಗಂಟಲು ಸರಿಮಾಡಿಕೊಂಡು ಲಿಫ್ಟಿನೊಳಗಿನ ಧ್ವನಿಮುದ್ರಿತ ಹೆಂಗಸಿನ ದನಿ ತೆಗೆದ. "ದಯವಿಟ್ಟು ಗಮನಿಸಿ. ಈ ಮುಖವು ತಾತ್ಕಾಲಿಕವಾಗಿ ಕೆಲಸ ಮಾಡುತ್ತಿಲ್ಲ. ಅನನುಕೂಲಕ್ಕಾಗಿ ವಿಷಾದಿಸುತ್ತೇವೆ."

ನಗು ಅವಳ ಮೂಗಿನವರೆಗೂ ಬಂತು. ಅಲ್ಲಿ ಮೊದಲೇ ಕೋಪ ಕೂತಿದ್ದರಿಂದ ಜಾಗ ಸಿಗದೆ ವಾಪಸ್ಸು ಹೋಯಿತು. ದಿಂಬುಗಳನ್ನು ಗುದ್ದಿ ಗುದ್ದಿ ಜೋಡಿಸಿದಳು. ದಿಂಬನ್ನು ಗುದ್ದಬಾರದೆಂದು ವಿಡಿಯೋದಲ್ಲಿ ಎಲ್ಲೂ ಹೇಳಿರಲಿಲ್ಲ.

"ಇನ್ನು ಕೆಲವು ತಿಂಗಳು," ಎಂದು ತಲೆಗೆ ಸ್ಪ್ರೇ ಹೊಡೆಯುತ್ತ ದನಿಗೆ ಸಕ್ಕರೆ ಬೆರೆಸಿದಳು. "ಆಫೀಸಿನವರು ಬರ್ತಾರೆ. 'ಅಯ್ಯೋ, ಎಷ್ಟು ದಟ್ಟ ಕೂದಲು ನಿಮ್ಮದು! ಹುಟ್ಟಿದಾಗಿಂದ ಹೀಗೇನಾ?'" ತಕ್ಷಣ ಅವನ ತಗ್ಗಿದ ದನಿಗೆ ಇಳಿದಳು. "'ಹ್ಞೂಂ ಕಣ್ರೀ. ನಮ್ಮ ತಾತಂಗೂ ಹೀಗೇ ಇತ್ತು.' ಆಮೇಲೆ ಅವರು, 'ಮುಟ್ಟಿ ನೋಡ್ಲಾ?'"

ಅವನಿಗೆ ನಗು ತಡೆಯಲಿಲ್ಲ.

"ನಗಬೇಡಿ! ಹಣೆ ಸುಕ್ಕಾಗುತ್ತೆ!"

"ಹಾಗಾದ್ರೆ ನಗಿಸಬೇಡಿ."

"ನಾನು ನಗಿಸ್ತಿಲ್ಲ, ಬೈತಿದ್ದೀನಿ! ಅಷ್ಟೂ ಗೊತ್ತಾಗಲ್ವಾ?"

ಕಣ್ಣು ಕಾಣದವನ ಮುಖ ನೋಡುವುದರಲ್ಲಿ ಒಂದು ಅನುಕೂಲವಿದೆ, ಎಷ್ಟು ನೋಡಿದರೂ ಕೇಳುವವರಿಲ್ಲ. ಊದಿದ ಹಣೆ, ಒಡೆದ ತುಟಿ, ಕೆನ್ನೆಯ ಮೇಲೆ ದಿಂಬಿನ ಗೆರೆ. ಈ ಮುಖವನ್ನು ಕನ್ನಡಿಯಲ್ಲಲ್ಲದೆ ನೇರವಾಗಿ ಇಷ್ಟು ಹೊತ್ತು ಅವಳು ನೋಡಿಯೇ ಇರಲಿಲ್ಲ. ಕನ್ನಡಿಯಲ್ಲಿ ಎಡಕ್ಕೆ ಕಾಣುತ್ತಿದ್ದ ಮಚ್ಚೆ ಇಲ್ಲಿ ಬಲಕ್ಕಿತ್ತು.

"ಸ್ವಲ್ಪ ಸ್ವಲ್ಪ ಕಾಣುತ್ತೆ," ಎಂದ ಅವನು.

"ಏನು?"

"ನೀವು ನೋಡ್ತಿರೋದು."

ಅವಳು ಸ್ಪ್ರೇಯನ್ನು ನೇರ ಅವನ ಮೂಗಿಗೇ ಹೊಡೆದಳು.

"ಈ ಪಾಡು ಬೇಕಿತ್ತಾ?" ಎಂದಳು, ಮೂಗು ಒರೆಸಿಕೊಳ್ಳುತ್ತಿದ್ದವನಿಗೆ. "ಅವರಿಗೆ ಗೊತ್ತಾ, ಅವರಿಗೋಸ್ಕರ ನೀವು ಹೀಗೆ ಊದಿಕೊಂಡು ಬಿದ್ದಿರೋದು?"

"ಯಾರಿಗೋಸ್ಕರ ಮಾಡಿಸಿದ್ನೋ, ಅವರಿಗಾ? ಗೊತ್ತಿಲ್ಲ."

"ಗೊತ್ತಾದ್ರೆ?"

"ನಗ್ತಾರೆ ಅಂತ ಭಯ."

"ನಗೋಳಾದ್ರೆ ಬಿಟ್ಟಾಕಿ!" ಎಂದು ಅವಳು ಎದ್ದೇ ನಿಂತಳು. ನೋಡಿಯೇ ಇರದ ಹೆಂಗಸಿನ ಮೇಲೆ ಅಷ್ಟು ಕೋಪ ಬರಬಹುದೆಂದು ಅವಳಿಗೇ ಗೊತ್ತಿರಲಿಲ್ಲ. "ಒಬ್ಬ ಮನುಷ್ಯ ತಲೆ ತೂತು ಮಾಡಿಸ್ಕೊಂಡು ಬಂದಿದ್ದಾನೆ, ನಗ್ತಾಳಂತೆ! ಕರ್ಕೊಂಡು ಬನ್ನಿ ಅವಳನ್ನ ನನ್ನ ಸಲೂನಿಗೆ. ಒಂದೇ ಸಲ ಕರ್ಕೊಂಡು ಬನ್ನಿ."

ಆ ಊದಿದ ಮುಖದಲ್ಲಿ ನಗುವೋ ಅಳುವೋ ತಿಳಿಯುವಂತಿರಲಿಲ್ಲ.

*

ಊತ ಇಳಿಯಿತು. ಹಕ್ಕಳೆ ಮೆತ್ತಗಾಗಿ ಉದುರಿತು. ಆಮೇಲೆ ತುರಿಕೆ ಶುರುವಾಯಿತು. ಅವನ ಕೈ ತಲೆಯತ್ತ ಹೊರಟಾಗಲೆಲ್ಲ ಕತ್ತರಿ ಮೇಡಂ ಬಾಚಣಿಗೆಯಿಂದ ಗೆಣ್ಣಿಗೆ ಹೊಡೆಯುತ್ತಿದ್ದಳು. "ಕೆರೆದು ಹುಣ್ಣು ಮಾಡ್ಕೋಬೇಡಿ ಅನ್ನೋದು ಗಾದೆ ಅಲ್ಲ, ಡಾಕ್ಟರ್ ಚೀಟಿ!"

ಒಂದು ದಿನ ಮೇಲಧಿಕಾರಿ ಕರೆದರೆಂದು ಅವನು ಕೆಲಸಕ್ಕೆ ಹೋಗಿ ಹೆಲ್ಮೆಟ್ಟು ತೊಟ್ಟು ಬಂದ. ಹಣೆಯ ಮೇಲೆ ಪಟ್ಟಿಯ ಗುರುತು ಕಂಡದ್ದೇ ತಡ, ಅವಳು ಅವನ ಫೋನು ಕಸಿದು ಆ ಅಧಿಕಾರಿಗೇ ಕರೆ ಮಾಡಿದಳು. ಬಾಯಿಂದ ಬಂದದ್ದು ಮಾತ್ರ ಅವನ ಅಕ್ಕನ ದನಿ, ಬೀದಿಗೆ ಕೇಳುವ ಆ ಗುಟ್ಟಿನ ದನಿ. "ಸಾರ್, ನಾನು ಅವರಕ್ಕ. ನಮ್ಮ ಹುಡುಗನ ತಲೆ ಈಗ ಹಸಿ ಗಾರೆ ಇದ್ದ ಹಾಗೆ ಸಾರ್. ಅದರ ಮೇಲೆ ಹೆಲ್ಮೆಟ್ ಇಟ್ರೆ ಅಚ್ಚು ಮೂಡುತ್ತೆ. ಒಂದು ತಿಂಗಳು ಕೂತು ಮಾಡೋ ಕೆಲಸ ಕೊಡಿ ಸಾರ್, ನಿಮ್ಮ ಕೂದಲು ತಂಪಾಗಿರಲಿ."

ಅಧಿಕಾರಿ ಒಪ್ಪಿಕೊಂಡ. ಚಿಕ್ಕಮ್ಮ ನಕ್ಕು ನಕ್ಕು ಗಲ್ಲಾದ ಕೆಳಗೆ ಹೋದಳು. ಅವನು ಮಾತ್ರ ನಗದೆ, ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಕೂತಿದ್ದ. ಅವಳು ಆ ಕನ್ನಡಿಯನ್ನೇ ಒರೆಸಲು ಶುರುಮಾಡಿದಳು.

ಮರುದಿನ ನಿಜವಾದ ಅಕ್ಕ ಬಂದಳು, ಫೋನಿನಲ್ಲಿ ಫೋಟೋ ಹಿಡಿದು. ಚಂದದ ಹುಡುಗಿ. ಕೆನ್ನೆಯಲ್ಲಿ ಗುಳಿ. ಯಾರನ್ನೂ ನೋಡಿ ನಗುವ ಪೈಕಿಯಂತೆ ಕಾಣಲಿಲ್ಲ, ಅದೇ ಹೊಟ್ಟೆಗೆ ಬೆಂಕಿ. "ಚೆನ್ನಾಗಿದ್ದಾರೆ," ಎಂದಳು ಕತ್ತರಿ ಮೇಡಂ. ಆವತ್ತು ಅವನ ತಲೆ ತೊಳೆಯುವಾಗ ಮೊಣಕೈಯಲ್ಲಿ ನಿಲ್ಲಬೇಕಾದದ್ದು ಕಾವಲು ತಪ್ಪಿಸಿಕೊಂಡು ಕೆಳಗಿಳಿಯಿತು. ಒಂದೇ ಗಳಿಗೆ, ಬೆರಳು ಒತ್ತಿತು. ಅವನು "ಸ್ಸ್" ಎಂದ. ಅವಳು ಕೈ ಹಿಂದೆಳೆದುಕೊಂಡಳು.

ಅದಾದ ಮೇಲೆ ಕೆಲವು ದಿನ ಅವನೇ ಬರಲಿಲ್ಲ. ಹೊಸ ಕಟ್ಟಡದ ಲೆಕ್ಕಪತ್ರ ಮುಗಿಯುವಾಗ ರಾತ್ರಿಯಾಗುತ್ತದೆ, ಮನೆಯಲ್ಲೇ ಉಜ್ಜದೆ ತೊಳೆದುಕೊಳ್ಳುತ್ತಿದ್ದೇನೆ ಎಂದು ಸಂದೇಶ ಕಳಿಸಿದ. ಸಪ್ಪೆ ಮುಖ ಹೊತ್ತು ಬಂದದ್ದು ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದೆ ಚಿಕ್ಕಮ್ಮ ತೂಕಡಿಸುತ್ತಿದ್ದಾಗ.

ಕತ್ತರಿ ಮೇಡಂ ತೊಳೆದಳು. ಬಿಳಿ ಟವೆಲನ್ನು ತಲೆಯ ಮೇಲೆ ಬರೀ ಇಟ್ಟು, ಎತ್ತಿದಳು.

ಟವೆಲಿನ ತುಂಬ ಕೂದಲು. ಸಣ್ಣ ಸಣ್ಣ, ಚೂಪು ಚೂಪು, ಇರುವೆ ಸಾಲು ಚದುರಿದಂತೆ. ಅವಳು ಅವನ ಮುಂದಲೆ ನೋಡಿದಳು. ನೆಟ್ಟದ್ದರಲ್ಲಿ ಅರ್ಧಕ್ಕರ್ಧ ಇರಲಿಲ್ಲ.

ಜೀವಮಾನದಲ್ಲಿ ಕತ್ತರಿ ಮೇಡಮ್ಮಿಗೆ ಬೈಯಲು ಮಾತು ಸಿಗದೆ ಹೋದದ್ದು ಅದೇ ಮೊದಲು, ಏಕೆಂದರೆ ಬೈಯಬೇಕಾದವಳು ಅವಳೇ ಆಗಿದ್ದಳು.

"ನಾನು," ಎಂದಳು. "ಆವತ್ತು ಕೈ ಒತ್ತಿತು. ಬೇಕು ಅಂತ ಅಲ್ಲ. ಆ ಫೋಟೋ ನೋಡಿ... ನಾನೇ ಹಾಳು ಮಾಡಿದೆ. ನಿಮ್ಮ ಅಷ್ಟು ನೋವು, ಅಷ್ಟು ದಿನ ಕೂತು ನಿದ್ದೆ ಮಾಡಿದ್ದು, ಎಲ್ಲ ಈ ಕೈಯಲ್ಲೇ..." ಕಣ್ಣೀರು ಕೆನ್ನೆಗಿಳಿಯಿತು.

ಅವನು ಗಾಬರಿಯಿಂದ ತಿರುಗಿದ. "ಅಯ್ಯೋ, ಅಳಬೇಡಿ! ಇದು ಉದುರಲೇಬೇಕಂತೆ. ಎಲ್ಲರಿಗೂ ಉದುರುತ್ತಂತೆ. ಬೇರು ಒಳಗೇ ಇರುತ್ತೆ, ಮೂರ್ನಾಲ್ಕು ತಿಂಗಳಿಗೆ ಹೊಸದಾಗಿ ಹುಟ್ಟುತ್ತೆ. ಕ್ಲಿನಿಕ್‌ನವರು ಮೊದಲನೇ ದಿನಾನೇ ಹೇಳಿದ್ರು."

ಅವಳ ಕಣ್ಣೀರು ಅರ್ಧ ದಾರಿಯಲ್ಲಿ ನಿಂತಿತು.

"ಮೊದಲನೇ ದಿನ?"

"ಹ್ಞೂಂ."

"ನಿಮಗೆ ಗೊತ್ತಿತ್ತು. ನನಗೆ ಹೇಳಲಿಲ್ಲ."

"ಹೇಳೋಣ ಅಂತಲೇ..."

"ಹೋದ ಜೀವ ವಾಪಸ್ಸು ಬಂತಲ್ರೀ ನನಗೆ! ಹೇಳೋಕೇನು ಧಾಡಿ? ಬಾಯಿಗೂ ಟ್ರಾನ್ಸ್‌ಪ್ಲಾಂಟ್ ಮಾಡಿಸಿದ್ದೀರಾ? ಉದುರಲೇಬೇಕು ಅಂದ್ರೆ ಮುಖ ಯಾಕೆ ಹಾಗಿಟ್ಕೊಂಡು ಬಂದ್ರಿ, ಸಾವಿನ ಮನೆಯಿಂದ ಎದ್ದು ಬಂದೋರ ಹಾಗೆ?"

ಅವನು ಟವೆಲಿನ ಮೇಲಿನ ಕೂದಲನ್ನೇ ನೋಡುತ್ತಿದ್ದ.

"ಇವತ್ತಿಗೆ ಮುಗೀತಂತೆ," ಎಂದ. "ಇನ್ಮೇಲೆ ಶವರ್ ಕೆಳಗೆ ನಾನೇ ಉಜ್ಜಿ ತೊಳ್ಕೋಬಹುದಂತೆ. ನೀವು ಬೇಡ. ಕತ್ತರಿಸೋಕೆ ಕೂದಲೂ ಇಲ್ಲ. ನಾಲ್ಕು ತಿಂಗಳು ನಾನು ಇಲ್ಲಿಗೆ ಏನಂತ ಬರ್ಲಿ?"

ಗಲ್ಲಾದ ಹಿಂದಿನ ತೂಕಡಿಕೆ ನಿಂತಿತು.

"ಏನಂದ್ರಿ?" ಎಂದಳು ಕತ್ತರಿ ಮೇಡಂ.

"ಮೊದಲು ತಿಂಗಳಿಗೊಂದು ಸಲ ಬರ್ತಿದ್ದೆ. ಕೂದಲು ಕಮ್ಮಿ ಆಗ್ತಾ ಎರಡು ತಿಂಗಳಿಗಾಯ್ತು. ಇನ್ನೊಂದು ವರ್ಷ ಹೋಗಿದ್ರೆ ಕಾರಣಾನೇ ಉಳೀತಿರ್ಲಿಲ್ಲ." ಅವನು ಒಂದೇ ಉಸಿರಿಗೆ ಹೇಳುತ್ತಿದ್ದ, ಇಷ್ಟು ದಿನ ಎರಡು ಅಂತಸ್ತಿನ ನಡುವೆ ಸಿಕ್ಕಿಕೊಂಡವನಂತೆ. "ಊರಲ್ಲಿರೋ ಬಿಲ್ಡಿಂಗಿಗೆಲ್ಲ ಸರ್ವೀಸ್ ಅಂತ ಹೋಗ್ತೀನಿ. ನಿಮ್ಮದು ಗ್ರೌಂಡ್ ಫ್ಲೋರ್. ಲಿಫ್ಟೇ ಇಲ್ಲ. ಇಲ್ಲಿಗೆ ಬರೋಕೆ ನನ್ನ ಹತ್ರ ಇದ್ದಿದ್ದು ಅದೊಂದೇ, ಅದೂ ದಿನಾ ಉದುರ್ತಿತ್ತು. ಅದಕ್ಕೇ ಹೋಗಿ ನೆಡಿಸ್ಕೊಂಡು ಬಂದೆ. ಸಾಯೋವರೆಗೂ ಕತ್ತರಿಸೋಕೆ ಏನಾದ್ರೂ ಇರಲಿ ಅಂತ."

ಚಿಕ್ಕಮ್ಮನ ಕೈಯಿಂದ ಉಗುರು ತೀಡುವ ಕಡ್ಡಿ ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ.

"ಆ ಆಫೀಸಿನವಳು?"

"ಅಕ್ಕನ ಆಫೀಸು, ಅಕ್ಕನ ಫೋಟೋ, ಅಕ್ಕನ ಆಸೆ. ನಾನು ಆ ಫೋಟೋ ಸರಿಯಾಗಿ ನೋಡಿಲ್ಲ. ನಿಮಗೆ ಹೇಳೋಣ ಅಂದ್ರೆ, ನೀವು ಎಲ್ಲರ ಹಾಗೇ ಮಾತಾಡಿ ತೋರಿಸ್ತೀರ. ನಾನು ಹೇಳಿದ ಮಾತನ್ನೇ ನಾಳೆ ಇನ್ನೊಬ್ಬ ಗಿರಾಕಿಗೆ ನನ್ನ ದನಿಯಲ್ಲೇ ಹೇಳಿ ನಗ್ತೀರ ಅಂತ..."

ಆ ಮಾತು ಅವಳಿಗೆ ತಾಗಿತು. ಎಲ್ಲರ ದನಿ ತೆಗೆಯಬಲ್ಲವಳಿಗೆ ಈಗ ತನ್ನದೇ ದನಿ ಸಿಗಲು ಕೊಂಚ ಹೊತ್ತು ಬೇಕಾಯಿತು. ಸಿಕ್ಕಾಗ ಅದು ಕೂಗಿನ ರೂಪದಲ್ಲೇ ಸಿಕ್ಕಿತು.

"ಏನು ಮನುಷ್ಯನಯ್ಯಾ ನೀನು! ಬಂದು ಬೆಂಚಿನ ಮೇಲೆ ಕೂತ್ಕೊಂಡಿದ್ರೆ ಯಾರಾದ್ರೂ ಎಬ್ಬಿಸಿ ಓಡಿಸ್ತಿದ್ರಾ? ನೀರು ಕೇಳಿದ್ರೆ ಕೊಡ್ತಿರ್ಲಿಲ್ವಾ? ದಾರಿ ತಪ್ಪಿ ಬಂದೆ ಅಂದಿದ್ರೂ ನಂಬ್ತಿದ್ದೆ! ತಲೆಯೊಳಗಿರೋದನ್ನ ಹೇಳೋಕಾಗದೆ ತಲೆ ಮೇಲೆ ನೆಡಿಸ್ಕೊಂಡು ಬಂದಿದ್ದಾನೆ! ನೀನು ಬರದೆ ಇದ್ದ ತಿಂಗಳಲ್ಲೆಲ್ಲ ನಾನು ಈ ಬಾಗಿಲು ಎಷ್ಟು ಸಲ ನೋಡಿದ್ದೀನಿ ಅಂತ ಚಿಕ್ಕಮ್ಮನ್ನ ಕೇಳು!"

"ಕುತ್ತಿಗೆ ನೋವಿಗೆ ನಾನೇ ಎಣ್ಣೆ ಹಚ್ಚಿದ್ದು," ಎಂದಳು ಚಿಕ್ಕಮ್ಮ.

ಅವನು ಅವಳನ್ನು ನೋಡಿದ. ಈ ಸಲ ಕನ್ನಡಿಯಲ್ಲಲ್ಲ. ಅವಳೂ ನೋಡಿದಳು, ಮೂಗು ಕೆಂಪು, ಕೈಯಲ್ಲಿ ಕೂದಲು ತುಂಬಿದ ಟವೆಲು, ಕಣ್ಣಲ್ಲಿ ಇನ್ನೂ ಬೆಂಕಿ.

"ಅಕ್ಕಂಗೆ ಫೋನ್ ಮಾಡು," ಎಂದಳು. "ಈಗಲೇ. ನಾನೇ ನಿಮ್ಮಕ್ಕನ ದನಿಯಲ್ಲಿ ಆ ಹುಡುಗಿಗೆ ಬೇಡ ಅಂದುಬಿಡಬಲ್ಲೆ. ಆದ್ರೆ ಇದು ನೀನೇ ಹೇಳ್ಬೇಕಾದ ಮಾತು."

ಅವನು ಮಾಡಿದ. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ.

"ಅಕ್ಕಾ, ಆ ಭೇಟಿ ಬೇಡ."

"ಯಾಕೋ? ಕೂದಲು ಉದುರ್ತು ಅಂತಾನಾ? ಮತ್ತೆ ಬರುತ್ತೆ ಕಣೋ."

"ಕೂದಲಿಗೋಸ್ಕರ ಅಲ್ಲ. ಬೇರೆಯವರಿದ್ದಾರೆ. ಇಲ್ಲೇ ನಿಂತಿದ್ದಾರೆ."

ಆ ಕಡೆಯಿಂದ ಬೀದಿಗೆಲ್ಲ ಕೇಳುವ ಗುಟ್ಟು. "ಆ ಮೇಡಮ್ಮಾ? ಲೋ, ಒಳ್ಳೆಯವರೇ ಕಣೋ. ಆದ್ರೆ ಅವರಿಗೆ ಕೋಪ ಎಷ್ಟು ಅಂತ ಗೊತ್ತೇನೋ ನಿಂಗೆ?"

"ಗೊತ್ತು ಅಕ್ಕ," ಎಂದ ಅವನು. "ಇಷ್ಟು ದಿನ ತಲೆ ಕೊಟ್ಟಿದ್ದೀನಿ. ಆ ಕೋಪ ಅವರ ಕೈಗೆ ಬಂದಿದ್ದು ಒಂದೇ ಒಂದು ಸಲ."

ಫೋನು ಇಟ್ಟ ಮೇಲೆ ಅವನು ಎದ್ದು, ಟೋಪಿ ಕೈಗೆತ್ತಿಕೊಂಡ. ಮಾತು ಆಡಿಬಿಟ್ಟವನಿಗೆ ಮುಂದೇನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

"ಎಲ್ಲಿಗೆ?"

"ಕೆಲಸಕ್ಕೆ. ನಾಳೆ ಬರ್ಲಾ?"

"ಬಾ."

"ಏನಂತ ಬರ್ಲಿ?"

"ಬೈಸ್ಕೊಳ್ಳೋಕೆ ಬಾ," ಎಂದಳು ಕತ್ತರಿ ಮೇಡಂ. "ಕೇಳದೆ ಇನ್ನೊಬ್ಬರ ಹತ್ರ ಬೋಳಿಸ್ಕೊಂಡಿದ್ದಕ್ಕೆ ಬೈದು ಮುಗಿದಿಲ್ಲ. ಉದುರುತ್ತೆ ಅಂತ ಹೇಳದೆ ಇದ್ದಿದ್ದಕ್ಕೆ ಇನ್ನೂ ಶುರುವೇ ಮಾಡಿಲ್ಲ. ಇಷ್ಟು ವರ್ಷ ಬಾಯಿ ಮುಚ್ಕೊಂಡು ಕೂತಿದ್ದಕ್ಕಂತೂ ಒಂದು ಜನ್ಮ ಸಾಲಲ್ಲ."

ಅವನು ಟೋಪಿ ಕೆಳಗಿಟ್ಟು ಬೆಂಚಿನ ಮೇಲೆ ಕೂತ.

"ಅಷ್ಟೊಂದು ಬಾಕಿ ಇದ್ರೆ," ಎಂದ, "ನಾಳೆವರೆಗೂ ಯಾಕೆ?"